ರಸ್ತೆಗೂ ಟ್ರ್ಯಾಕಿಗೂ ಒಂದೇ ಬ್ರೇಕ್ ಪ್ಯಾಡ್ ಆಗುತ್ತಾ?

ಸೆಕೆಂಡ್‌ಹ್ಯಾಂಡ್ ಪೋರ್ಷೆ ಕೇಮನ್ ತಗೊಂಡಿದ್ದೀರಿ. ವಾರವೆಲ್ಲ ಬೆಂಗಳೂರಿನಲ್ಲಿ ಓಡಿಸಿ, ತಿಂಗಳಿಗೊಮ್ಮೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿಗೆ ಹೋಗುತ್ತೀರಿ. ಎರಡಕ್ಕೂ ಆಗುವ ಒಂದೇ ಪ್ಯಾಡ್ (ಚಕ್ರದ ಡಿಸ್ಕನ್ನು ಅದುಮಿ ಹಿಡಿದು ಕಾರು ನಿಲ್ಲಿಸುವ ಪಟ್ಟಿ) ಯಾವುದು ಅಂತ ಕೇಳಿದ್ದೀರಿ. ನಾನೂ ಇದೇ ಕಾರನ್ನು, 981 ಮಾಡೆಲ್, ನಾಲ್ಕು ವರ್ಷದಿಂದ ಹೀಗೇ ಓಡಿಸುತ್ತಿದ್ದೇನೆ. ಅಂಥ ಪ್ಯಾಡ್ ಹುಡುಕುವುದನ್ನು ಬಿಡಿ, ಎರಡು ಸೆಟ್ ಇಟ್ಟುಕೊಳ್ಳಿ. ಆದರೆ ಪ್ಯಾಡಿಗೂ ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ.

ಆಯಿಲ್ ಯಾಕೆ ಮೊದಲು ಅನ್ನುವುದು ನನಗೆ ಮೊದಲ ವರ್ಷವೇ ಗೊತ್ತಾಯಿತು. ಒಂದು ಟ್ರ್ಯಾಕ್ ದಿನದ ಎರಡನೇ ಸೆಷನ್. ನಾಲ್ಕು ಲ್ಯಾಪ್ ಚೆನ್ನಾಗೇ ಹೋಯಿತು. ಐದನೆಯದರಲ್ಲಿ ನೇರ ದಾರಿ ಮುಗಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೆ, ಪೆಡಲ್ ನೆಲದವರೆಗೂ ಹೋಯಿತು. ನೆನೆದ ಸ್ಪಂಜು ತುಳಿದ ಹಾಗೆ. ಎರಡು ಮೂರು ಸಲ ಪಟಪಟ ಒತ್ತಿದೆ, ಸ್ವಲ್ಪ ಹಿಡಿಯಿತು. ಗೇರ್ ಇಳಿಸಿದೆ. ಆದರೂ ಕಾರು ಹುಲ್ಲಿಗೆ ಇಳಿದೇ ನಿಂತಿದ್ದು. ಯಾರಿಗೂ ಏನೂ ಆಗಲಿಲ್ಲ, ಆದರೆ ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಪ್ಯಾಡ್ ತೆಗೆದು ನೋಡಿದರೆ ಚೆನ್ನಾಗೇ ಇತ್ತು. ಕುದಿದದ್ದು ಆಯಿಲ್. ಕಾರು ತಗೊಂಡಾಗಿನಿಂದ ನಾನು ಅದನ್ನು ಮುಟ್ಟಿರಲೇ ಇಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಆಯಿಲ್‌ಗೆ ಆ ಮಿತಿ ಬರೀ 155. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳಾಗುತ್ತವೆ. ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಖರ್ಚಾಗುತ್ತದೆ, ಪ್ಯಾಡಿಗೆ ತಲುಪುವುದೇ ಇಲ್ಲ. ಈಗ ನಾನು ಮೋಟುಲ್ ಆರ್‌ಬಿಎಫ್ 600 ಹಾಕುತ್ತೇನೆ. ಹೊಸದಿದ್ದಾಗ ಅದು ಕುದಿಯುವುದು 312 ಡಿಗ್ರಿಗೆ. ವರ್ಷಕ್ಕೊಮ್ಮೆ ಪೂರ್ತಿ ಬದಲಾವಣೆ, ಎರಡು ಟ್ರ್ಯಾಕ್ ದಿನಕ್ಕೊಮ್ಮೆ ಬ್ಲೀಡ್, ಅಂದರೆ ಪೈಪಿನೊಳಗಿನ ಗಾಳಿ ಹೊರಬಿಡುವುದು. ಹೆಸರು ಹತ್ತಿರ ಇದೆ ಅಂತ ಡಾಟ್ 5 ಮಾತ್ರ ತರಬೇಡಿ. ಅದು ಸಿಲಿಕೋನ್, ನಮ್ಮ ಕಾರಿಗೆ ಆಗಲ್ಲ.

ಒಂದು ಗುರುತು ನೆನಪಿಟ್ಟುಕೊಳ್ಳಿ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ತಪ್ಪು ಆಯಿಲ್‌ದು. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದು, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ತಪ್ಪು ಪ್ಯಾಡಿನದು. ಅದು ತನ್ನ ಮಿತಿ ದಾಟಿ ಕಾದಿದೆ ಅಂತ ಅರ್ಥ.

ಈಗ ಪ್ಯಾಡಿನ ವಿಷಯ. ನಾನೂ ಸೇರಿ ಕಾರಿನ ತೂಕ ಸುಮಾರು 1,400 ಕೆ.ಜಿ. ಗಂಟೆಗೆ 150 ಕಿ.ಮೀ.ಯಿಂದ 60ಕ್ಕೆ ಇಳಿಸಿದರೆ ಹೊರಬರುವ ಶಾಖದಲ್ಲಿ ಸುಮಾರು 3 ಲೀಟರ್ ತಣ್ಣೀರನ್ನು ಕುದಿಸಬಹುದು. ಅದೂ ಮೂರು ನಾಲ್ಕು ಸೆಕೆಂಡಿನಲ್ಲಿ. ಊರೊಳಗೆ 60ರಲ್ಲಿ ಹೋಗುತ್ತಿದ್ದವರು ಸಿಗ್ನಲ್‌ಗೆ ನಿಲ್ಲಿಸಿದಾಗ ಬರುವುದು ಅದರ ಐದರಲ್ಲಿ ಒಂದು ಪಾಲು ಅಷ್ಟೇ. ಕರಿಯಲ್ಲಿ ಲ್ಯಾಪ್ ಇರುವುದೇ 2.1 ಕಿ.ಮೀ., ಆರುವುದಕ್ಕೆ ಸಮಯವೇ ಸಿಗಲ್ಲ. ಹಾಗಾಗಿ ಪ್ಯಾಡ್ ಆರಿಸುವಾಗ 'ಎಷ್ಟು ಗಟ್ಟಿ ಹಿಡಿಯುತ್ತೆ' ಅನ್ನುವುದಕ್ಕಿಂತ 'ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿವರೆಗೆ ಕೆಲಸ ಮಾಡುತ್ತೆ' ಅಂತ ಕೇಳಿ.

ಪ್ಯಾಡಿನ ಅಂಚಿನಲ್ಲಿ ಎಫ್‌ಎಫ್, ಜಿಜಿ ಅಂತ ಎರಡು ಅಕ್ಷರ ಇರುತ್ತದೆ. ಮೊದಲನೆಯದು ಕಡಿಮೆ ಬಿಸಿಯಲ್ಲಿನ ಹಿಡಿತ, ಎರಡನೆಯದು ಜಾಸ್ತಿ ಬಿಸಿಯಲ್ಲಿನದು. ಎಫ್ ಅಂದರೆ ಘರ್ಷಣೆಯ ಅಳತೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಅಂಗಡಿಯವರು ಇದನ್ನೇ ತೋರಿಸುತ್ತಾರೆ. ಆದರೆ ಆ ಪರೀಕ್ಷೆ ನಡೆಯುವುದು ಹೆಚ್ಚೆಂದರೆ 340 ಡಿಗ್ರಿ ಆಸುಪಾಸಿನವರೆಗೆ. ಟ್ರ್ಯಾಕಿನ ಬಿಸಿ ಅದರ ಆಚೆಗೆ ಶುರು. ನಾನು ಡಿಸ್ಕಿನ ಅಂಚಿಗೆ ತಾಪ ತೋರಿಸುವ ಬಣ್ಣ ಹಚ್ಚಿ ನೋಡಿದೆ. ಹಸಿರು 430ಕ್ಕೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಕಳೆದುಕೊಳ್ಳುತ್ತವೆ. ಸೆಷನ್ ಮುಗಿದಾಗ ಮುಂದಿನ ಡಿಸ್ಕಿನಲ್ಲಿ ಹಸಿರು ಪೂರ್ತಿ ಬೆಳ್ಳಗಾಗಿತ್ತು, ಕಿತ್ತಳೆ ಅಲ್ಲಲ್ಲಿ ಮಾಸಿತ್ತು, ಕೆಂಪು ಹಾಗೇ ಇತ್ತು. ಅಂದರೆ 560ರ ಆಸುಪಾಸು. ನನಗೆ ಬೇಕಾದ ಪ್ಯಾಡ್ ಯಾವುದು ಅಂತ ಆ ಮೂರು ಗೆರೆ ಹೇಳಿಬಿಟ್ಟವು. ದುಡ್ಡು ಕೊಟ್ಟು ಪ್ಯಾಡ್ ತರಿಸುವ ಮೊದಲು ನೀವೂ ಇದನ್ನು ಮಾಡಿ.

ಹಾಗಾದರೆ ರೇಸ್ ಪ್ಯಾಡನ್ನೇ ಹಾಕಿಕೊಂಡು ಎಲ್ಲ ಕಡೆ ಓಡಾಡಿದರೆ ಆಗಲ್ವಾ? ನಾನು ಒಂದು ತಿಂಗಳು ಹಾಗೇ ಮಾಡಿ ನೋಡಿದೆ. ಪ್ರತಿ ಸಿಗ್ನಲ್‌ನಲ್ಲೂ ಲಾರಿಯ ಹಾಗೆ ಕಿರುಚುತ್ತಿತ್ತು. ಅದನ್ನಾದರೂ ಸಹಿಸಬಹುದು. ಬೆಳಗ್ಗೆ ಮಳೆಯಲ್ಲಿ ಅಪಾರ್ಟ್‌ಮೆಂಟಿನ ರ‍್ಯಾಂಪ್ ಇಳಿದು ಗೇಟಿನ ಹತ್ತಿರ ಮೊದಲ ಸಲ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಯೋಚನೆ ಮಾಡುತ್ತಿತ್ತು. ಎದುರಿಗೆ ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳು. ಅವತ್ತು ಸಂಜೆಯೇ ಕಂಪನಿ ಪ್ಯಾಡ್ ವಾಪಸ್ ಹಾಕಿದೆ. ತಣ್ಣಗಿದ್ದಾಗ ರೇಸ್ ಪ್ಯಾಡ್ ಡಿಸ್ಕನ್ನೂ ತಿನ್ನುತ್ತದೆ, ಅದರ ಪುಡಿ ಒದ್ದೆಯಾದರೆ ಚಕ್ರಕ್ಕೆ ತುಕ್ಕಿನ ಕಲೆ ಕೂರುತ್ತದೆ.

ಮೊದಲ ಎರಡು ಮೂರು ಸಲ ಹೊಸ ಕಂಪನಿ ಪ್ಯಾಡ್, ಒಳ್ಳೇ ಆಯಿಲ್ ಸಾಕು. ನಾಲ್ಕೈದು ಲ್ಯಾಪ್ ಓಡಿಸಿ, ಒಂದು ಲ್ಯಾಪ್ ನಿಧಾನಕ್ಕೆ ಸುತ್ತಿ ಒಳಗೆ ಬನ್ನಿ. ಪೆಡಲ್ ಗಟ್ಟಿಯಾಗಿದ್ದೂ ಹಿಡಿತ ಕಡಿಮೆಯಾಗಲು ಶುರುವಾದಾಗ ಪಾಗಿಡ್ ಆರ್‌ಎಸ್ 29 ಥರದ ರೇಸ್ ಪ್ಯಾಡಿಗೆ ಹೋಗಿ. ನಾನು ಓಡಿಸುವುದು ಅದನ್ನೇ. ವರ್ಷಕ್ಕೆ ಎರಡೇ ಸಲ ಟ್ರ್ಯಾಕ್ ಅನ್ನುವವರಿಗೆ ಫೆರೋಡೊ ಡಿಎಸ್ 2500 ನಡುವಿನ ದಾರಿ, ಆದರೆ ತಿಂಗಳಿಗೊಮ್ಮೆ ಹೋಗುವವರಿಗೆ ನಾನು ಹೇಳಲ್ಲ. ಮುಂದೆ ಹಿಂದೆ ಎರಡಕ್ಕೂ ಒಂದೇ ಕಾಂಪೌಂಡ್, ಅಂದರೆ ಒಂದೇ ಮಿಶ್ರಣದ ಪ್ಯಾಡ್ ಇರಲಿ. ಹಿಂದಕ್ಕೆ ಮಾತ್ರ ಜೋರಾದದ್ದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರಿನ ಹಿಂಭಾಗ ತಿರುಗಿಬಿಡುವ ಅಪಾಯ ಇದೆ.

ಬದಲಾಯಿಸುವುದು ಕಷ್ಟವಲ್ಲ. ಪ್ಯಾಡ್ ಹಿಡಿದಿಡುವ ಕ್ಯಾಲಿಪರ್ ಬಿಚ್ಚಬೇಕಿಲ್ಲ. ಪಿನ್ ತೆಗೆದರೆ ಪ್ಯಾಡ್ ಮೇಲಿನಿಂದಲೇ ಬರುತ್ತದೆ. ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳುವಾಗ ಆಯಿಲ್ ಡಬ್ಬಿ ಉಕ್ಕದ ಹಾಗೆ ನೋಡಿಕೊಳ್ಳಿ, ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಸವೆತದ ಸೆನ್ಸರ್ ಸಿಕ್ಕಿಸಲು ಜಾಗವಿಲ್ಲದ ರೇಸ್ ಪ್ಯಾಡ್ ಆದರೆ ಅದರ ವೈರನ್ನು ಪಕ್ಕಕ್ಕೆ ಭದ್ರವಾಗಿ ಕಟ್ಟಿ. ಆಮೇಲೆ ಪ್ಯಾಡ್ ಎಷ್ಟು ಸವೆದಿದೆ ಅಂತ ನಿಮ್ಮ ಕಣ್ಣೇ ನೋಡಬೇಕು. ಟ್ರ್ಯಾಕಿನಲ್ಲಿ ನಾನು ಅರ್ಧ ಸವೆದ ಕೂಡಲೇ ತೆಗೆಯುತ್ತೇನೆ, ತೆಳುವಾದಷ್ಟೂ ಶಾಖ ಆಯಿಲ್ ಕಡೆಗೆ ಬೇಗ ದಾಟುತ್ತದೆ.

ಈ ಕೆಲಸವನ್ನು ಬೆಂಗಳೂರಿನಲ್ಲಿ ಮಾಡಿಕೊಂಡು ಹೊರಡಬೇಡಿ, ಕೊಯಮತ್ತೂರು ತಲುಪಿದ ಮೇಲೆ ಮಾಡಿ. ದಾರಿಯಲ್ಲಿ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟ್ ಇಳಿಯಬೇಕಲ್ವಾ? ಬ್ರೇಕ್ ಸೋತ ಲಾರಿಗಳಿಂದ ಎಷ್ಟೋ ಅಪಘಾತ ಆಗಿರುವ ಇಳಿಜಾರು ಅದು. ಅಲ್ಲಿ ತಣ್ಣಗಿನ ರೇಸ್ ಪ್ಯಾಡ್ ನಂಬಿಕೊಂಡು ಹೋಗುವುದು ಬೇಡ.

ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ಜಾಗದಲ್ಲಿ 100ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ. ಪ್ಯಾಡಿನ ಪದರ ಡಿಸ್ಕಿಗೆ ಸಮವಾಗಿ ಕೂರಬೇಕು. ಸಮವಾಗಿ ಕೂರದಿದ್ದರೆ ಸ್ಟೀರಿಂಗ್ ಅದುರುತ್ತದೆ. 'ಡಿಸ್ಕ್ ಬೆಂಡಾಗಿದೆ' ಅನ್ನುವ ಮಾತು ಬಹಳ ಸಲ ಇದೇ. ಸೆಷನ್ ಮುಗಿಸಿ ಬಂದಾಗ ಹ್ಯಾಂಡ್‌ಬ್ರೇಕ್ ಹಾಕದೆ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ನಿಮ್ಮ ಕಾರಿನಲ್ಲಿ ಯಾವ ಟೈರ್ ಇದೆ, ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ, ಇಷ್ಟು ಬರೆಯಿರಿ. ಟೈರ್ ಅಂಟಿದಷ್ಟೂ ಬ್ರೇಕಿಗೆ ಕೆಲಸ ಜಾಸ್ತಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.