ಹೊಸಿಲು ದಾಟಲಾಗದ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯ ಸಹೋದರಿ,

ಹೆಸರು, ಊರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ಅವೆರಡನ್ನೂ ಕೈಬಿಟ್ಟು, ಇತರ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ಸಂತೆಯಲ್ಲಿ ತರಕಾರಿ ಆರಿಸುತ್ತಿದ್ದಾಗ ಇದ್ದಕ್ಕಿದ್ದಂತೆ ನಿಮ್ಮ ಎದೆ ಡವಗುಟ್ಟತೊಡಗಿತು. ಉಸಿರು ಸಾಲದೆ, ಬೆರಳುಗಳಿಗೆ ಜೋಮು ಹಿಡಿದು, ಈಗಲೇ ಪ್ರಾಣ ಹೋಗುತ್ತದೆ ಎನ್ನಿಸಿತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಥೈರಾಯ್ಡ್ ಪರೀಕ್ಷಿಸಿ, "ಏನೂ ಇಲ್ಲ, ಸುಮ್ಮನೆ ಹೆದರಿದ್ದೀರಿ" ಎಂದು ಕಳುಹಿಸಿದರು. ಅಂದಿನಿಂದ ಮೊದಲು ಸಂತೆ ತಪ್ಪಿತು, ಆಮೇಲೆ ಬಸ್ಸು, ಆಮೇಲೆ ಮದುವೆಮನೆ. ಈಗ ಯಜಮಾನರ ಜೊತೆಯಿಲ್ಲದೆ ಗೇಟು ದಾಟಲಾಗುತ್ತಿಲ್ಲ. ಅತ್ತೆಯವರು ದೃಷ್ಟಿ ತೆಗೆಸಿ ತಾಯಿತ ಕಟ್ಟಿಸಿದ್ದಾರೆ. ಡಿಸೆಂಬರಿನಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವವಿದೆ. "ನನಗೆ ಹುಚ್ಚು ಹಿಡಿಯುತ್ತಿದೆಯೇ?" ಎಂದು ಕೇಳಿದ್ದೀರಿ.

ಇಲ್ಲ. ನಾನು ವೈದ್ಯನಲ್ಲ, ಆದರೂ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಹಾಗೆಂದು "ಏನೂ ಇಲ್ಲ" ಎಂಬ ಮಾತನ್ನೂ ಒಪ್ಪಲಾರೆ. ಹೃದಯ ಸರಿಯಿದೆ ಎಂದು ಗೊತ್ತಾದದ್ದು ಸಮಾಧಾನದ ಸಂಗತಿಯೇ, ಆದರೆ ನಿಮ್ಮನ್ನು ಕಾಡುತ್ತಿರುವುದಕ್ಕೆ ಹೆಸರೂ ಇದೆ, ಚಿಕಿತ್ಸೆಯೂ ಇದೆ. ಸಂತೆಯಲ್ಲಿ ಆದದ್ದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅದು ಮತ್ತೆ ಬಂದೀತು, ಬಂದರೆ ಅಲ್ಲಿಂದ ಹೊರಬೀಳಲಾಗದು, ಕೈಹಿಡಿಯುವವರು ಇರಲಾರರು ಎಂಬ ಅಂಜಿಕೆಯಿಂದ ಒಂದೊಂದೇ ಜಾಗವನ್ನು ಬಿಡುತ್ತಾ ಬರುವುದಕ್ಕೆ ಅಗೋರಾಫೋಬಿಯಾ ಎಂದು ಹೆಸರು. 1871ರಲ್ಲಿ ಆ ಹೆಸರನ್ನಿಟ್ಟವರು ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್. ಗ್ರೀಕರ 'ಅಗೋರಾ' ಎಂದರೆ ಜನ ಸೇರುವ, ವ್ಯಾಪಾರ ನಡೆಯುವ ಬಯಲು, ನಮ್ಮ ಮಾತಿನಲ್ಲಿ ಸಂತೆಮಾಳ. ಅವರು ವಿವರಿಸಿದ ರೋಗಿಗಳಿಗೆ ಊರ ಚೌಕವನ್ನು ಒಬ್ಬರೇ ದಾಟಲಾಗುತ್ತಿರಲಿಲ್ಲ, ಜೊತೆಗೊಬ್ಬರಿದ್ದರೆ ದಾಟುತ್ತಿದ್ದರು. ಅವರು ಗಂಡಸರು ಎಂಬುದನ್ನು, ನಿಮ್ಮ ತೊಂದರೆಯನ್ನು "ಹೆಂಗಸರ ಪುಕ್ಕಲು" ಎಂದ ಮೈದುನನಿಗೆ ತಿಳಿಸಬಹುದು.

ಆ ಹೊತ್ತಿನಲ್ಲಿ ಮೈಯಲ್ಲಿ ನಡೆಯುವುದು ಇಷ್ಟು. ಅಪಾಯ ಕಂಡಾಗ ಓಡಲು ಅಥವಾ ಎದುರಿಸಲು ದೇಹ ಅಡ್ರಿನಲಿನ್ ಸುರಿಸುತ್ತದೆ, ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ. ಓಡದೆ ನಿಂತಲ್ಲೇ ಹಾಗೆ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜೋಮುಗಟ್ಟುತ್ತವೆ, ತಲೆ ತೇಲಿದಂತಾಗುತ್ತದೆ. ಇದನ್ನೇ ಸಾವಿನ ಸೂಚನೆಯೆಂದು ಬಗೆದು ಇನ್ನಷ್ಟು ಹೆದರಿದಾಗ ಇನ್ನಷ್ಟು ಅಡ್ರಿನಲಿನ್ ಸುರಿಯುತ್ತದೆ. ಕುದಿ ಹೆಚ್ಚಿದರೂ ಅದು ಕುದಿಯುತ್ತಲೇ ಇರುವುದಿಲ್ಲ: ಸಾಮಾನ್ಯವಾಗಿ 10 ನಿಮಿಷದೊಳಗೆ ಶಿಖರ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ಬಿದ್ದುಬಿಡುತ್ತೇನೆ ಎಂಬ ನಿಮ್ಮ ಭಯಕ್ಕೂ ಉತ್ತರ ಇಲ್ಲಿಯೇ ಇದೆ; ಮೂರ್ಛೆ ಬರುವುದು ರಕ್ತದೊತ್ತಡ ಕುಸಿದಾಗ, ಆದರೆ ಗಾಬರಿಯಲ್ಲಿ ಅದು ಹೆಚ್ಚಾಗಿ ಏರಿರುತ್ತದೆ.

ಅಂದು ನೀವು ಚೀಲವನ್ನು ಅಲ್ಲೇ ಬಿಟ್ಟು ಆಟೋ ಹಿಡಿದು ಮನೆ ಸೇರಿದಿರಿ, ಬಾಗಿಲು ಹಾಕಿಕೊಂಡ ಮೇಲೆ ಜೀವ ಬಂದಂತಾಯಿತು ಎಂದು ಬರೆದಿದ್ದೀರಿ. ನಿಂತಿದ್ದರೂ ಇಳಿಯುತ್ತಿದ್ದ ಗಾಬರಿ, ಓಡಿಬಂದದ್ದರಿಂದ ಇಳಿಯಿತೆಂದು ಮನಸ್ಸು ಪಾಠ ಕಲಿತದ್ದು ಆಗಲೇ. ಅಂದಿನಿಂದ ಮನೆಯವರೆಲ್ಲರೂ ತಿಳಿಯದೆಯೇ ಆ ಪಾಠವನ್ನು ಒಪ್ಪಿಸುತ್ತಿದ್ದಾರೆ: ಯಜಮಾನರು ತರಕಾರಿ ತರುತ್ತಾರೆ, ಮಗಳು ಈ ಪತ್ರವನ್ನೂ ಅಂಚೆ ಡಬ್ಬಿಗೆ ಹಾಕಿದ್ದಾಳೆ. ಇದು ಪ್ರೀತಿಯೇ, ಸಂದೇಹವಿಲ್ಲ. ಆದರೂ ಕಟುವೆನಿಸಿದರೆ ಕ್ಷಮಿಸಿ, ನಿಮ್ಮ ಮನೆಯ ಹೊಸಿಲು ದಿನದಿನಕ್ಕೆ ಎತ್ತರವಾಗುತ್ತಿರುವುದು ಈ ಪ್ರೀತಿಯಿಂದಲೇ. ಅತ್ತೆಯವರ ತಾಯಿತದ ಬಗ್ಗೆ ಬೇಸರದಿಂದ ಬರೆದಿದ್ದೀರಿ. ಎಲ್ಲಿಗೆ ಹೊರಟರೂ ನೀವು ಬಿಡದೆ ಒಯ್ಯುವ ನೀರಿನ ಬಾಟಲಿ ಮತ್ತು ಮಾತ್ರೆಯ ಡಬ್ಬಿಯೂ ತಾಯಿತಗಳೇ ಅಲ್ಲವೇ?

ಹಾಗಾದರೆ ಮನಸ್ಸಿಗೆ ಬೇರೆ ಪಾಠ ಕಲಿಸುವುದು ಹೇಗೆ? ಒಮ್ಮೆಲೇ ಸಂತೆಗೆ ನುಗ್ಗಬೇಕಿಲ್ಲ. ಮೊದಲ ಕೆಲವು ದಿನ ಗೇಟಿನಾಚೆ ಸುಮ್ಮನೆ ನಿಲ್ಲಿ. ಆಮೇಲೆ ರಸ್ತೆಯ ತಿರುವು, ಅದು ಬೇಸರ ಹುಟ್ಟಿಸುವಷ್ಟು ರೂಢಿಯಾದ ಮೇಲೆ ಆ ಅಂಚೆ ಡಬ್ಬಿ, ಹಾಲಿನ ಅಂಗಡಿ, ಬಸ್ಸಿನಲ್ಲಿ ಒಂದೇ ಒಂದು ಸ್ಟಾಪು. ಮುಖ್ಯವಾದದ್ದು ದೂರವಲ್ಲ, ಗಾಬರಿ ಏರಿದ ಘಳಿಗೆಯಲ್ಲಿ ಹಿಂದಿರುಗದೆ, ಅದು ಇಳಿಯತೊಡಗುವವರೆಗೆ ಅಲ್ಲಿಯೇ ಇದ್ದು, ಆಮೇಲೆ ಮನೆಗೆ ಬರುವುದು. ಯಜಮಾನರು ಮೊದಲು ಪಕ್ಕದಲ್ಲಿ, ಮುಂದಿನ ವಾರ ಹತ್ತು ಹೆಜ್ಜೆ ಹಿಂದೆ, ಆಮೇಲೆ ತಿರುವಿನಲ್ಲಿ, ಕೊನೆಗೆ ಮನೆಯಲ್ಲಿ ಇರಲಿ. ಉಸಿರನ್ನು ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದರಿಂದ ಜೋಮು ತಗ್ಗುತ್ತದೆ. ನಿನ್ನೆ ದಾಟಿದ ತಿರುವು ಇಂದು ದಾಟಲಾಗದ ದಿನಗಳು ಬಂದೇ ಬರುತ್ತವೆ. ಅಂದು ಗೇಟಿನವರೆಗಾದರೂ ಹೋಗಿ, ಒಂದು ದಿನವನ್ನೂ ಖಾಲಿ ಬಿಡಬೇಡಿ.

ಇದನ್ನು ನೀವೊಬ್ಬರೇ ಮಾಡಬೇಕೆಂದಿಲ್ಲ. ಮನಶ್ಶಾಸ್ತ್ರಜ್ಞರು ಕೊಡುವ ಚಿಕಿತ್ಸೆಯ ತಿರುಳೂ ಬಹುಮಟ್ಟಿಗೆ ಇದೇ. ಬೇಕೆನಿಸಿದರೆ ಮನೋವೈದ್ಯರು ಔಷಧಿಯನ್ನೂ ಬರೆಯುತ್ತಾರೆ. ಮುಖ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರಗಳೇ ಹಿಡಿಯುವುದರಿಂದ, ನಾಲ್ಕು ದಿನಕ್ಕೆ ಫಲವಿಲ್ಲವೆಂದು ಬಿಡಬಾರದು, ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಲೂಬಾರದು. ನಾದಿನಿಯವರು ಕೊಟ್ಟ ಆಲ್ಪ್ರಜೋಲಾಮ್ ಮಾತ್ರೆಗಳ ವಿಷಯ ಬರೆದಿದ್ದೀರಿ. ಅದು ಬೇಗ ಶಮನ ಕೊಡುತ್ತದೆ ನಿಜ, ಅಷ್ಟೇ ಬೇಗ ಅಭ್ಯಾಸವೂ ಆಗುತ್ತದೆ. ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ನಿಲ್ಲಿಸುವುದಾದರೂ ಅವರು ಹೇಳಿದಂತೆಯೇ ಹಂತಹಂತವಾಗಿ ನಿಲ್ಲಿಸಬೇಕು.

ವೈದ್ಯರ ಬಳಿಗೆ ಹೋಗಲೂ ಮನೆ ಬಿಡಬೇಕಲ್ಲ ಎಂಬುದು ನಿಮ್ಮ ನ್ಯಾಯವಾದ ತಕರಾರು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿಂದ ಆರಂಭಿಸಿ. ಮುಖಾಮುಖಿ ಕಾಣುವ ಧೈರ್ಯ ಬಂದ ಮೇಲೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವಿದೆ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ.

ವಾರ್ಷಿಕೋತ್ಸವಕ್ಕೆ ಇನ್ನೂ ಮೂರು ತಿಂಗಳಿದೆ. ಅದಕ್ಕೆ ಮೊದಲು ಸಭಾಂಗಣ ಖಾಲಿಯಿರುವಾಗ ಮಗಳೊಂದಿಗೆ ಒಂದೆರಡು ಸಲ ಹೋಗಿ ಕುಳಿತು ಬನ್ನಿ. ಆ ದಿನ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡರೂ ತಪ್ಪೇನಿಲ್ಲ. ಮಗಳ ನೃತ್ಯ ಎಷ್ಟನೆಯದೆಂದು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.

ಸಂಪಾದಕ