ಕಾರಿಲ್ಲದೆ ಶ್ರಾಪ್‌ಶೈರ್‌ನಲ್ಲಿ ಮೂರು ದಿನ

ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋದಾಗ ಪಕ್ಕದ ಶ್ರಾಪ್‌ಶೈರ್ ಕೌಂಟಿಯಲ್ಲಿ ಮೂರು ದಿನ ಕಳೆಯಬಹುದೇ, ಕಾರು ಓಡಿಸದೆ ಅಲ್ಲಿ ತಿರುಗಾಡಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ, ಆದರೆ ಇಡೀ ಕೌಂಟಿಯನ್ನು ಸುತ್ತುವ ಆಸೆ ಬಿಟ್ಟು, ರೈಲು ಮಾರ್ಗದ ಆಸುಪಾಸಿನಲ್ಲೇ ಯೋಜನೆ ಹಾಕಿಕೊಳ್ಳಬೇಕು.

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್ ಗಡಿಗೆ ತಾಗಿಕೊಂಡಿರುವ ಈ ಕೌಂಟಿ ಬಹುಪಾಲು ಹೊಲ, ಹುಲ್ಲುಗಾವಲು ಮತ್ತು ಗುಡ್ಡಗಳ ನಾಡು. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿರುವ ಶ್ರೂಸ್‌ಬರಿಯಲ್ಲಿ ಉಳಿದುಕೊಳ್ಳಿ ಎಂಬುದು ನನ್ನ ಸಲಹೆ. ಸೆವರ್ನ್ ನದಿ ಹಳೆಯ ಪಟ್ಟಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಳಸಿಕೊಂಡು ಹರಿಯುವುದರಿಂದ, ಮರದ ಚೌಕಟ್ಟಿನ ಹಳೆಯ ಮನೆಗಳಿರುವ ಅದರ ಬೀದಿಗಳನ್ನು ನಡೆದೇ ನೋಡಿಬಿಡಬಹುದು. 1809ರಲ್ಲಿ ಇಲ್ಲೇ ಹುಟ್ಟಿದ ಚಾರ್ಲ್ಸ್ ಡಾರ್ವಿನ್ ಓದಿದ ಶಾಲೆಯ ಕಟ್ಟಡ ಈಗ ಗ್ರಂಥಾಲಯವಾಗಿದೆ. ಪೇಟೆಯ ಚೌಕದಲ್ಲಿ ಮಾತ್ರ ರಾಬರ್ಟ್ ಕ್ಲೈವ್ ನಿಂತಿದ್ದಾನೆ. ಪ್ರತಿಮೆಯನ್ನು ತೆಗೆಯಬೇಕೆಂಬ ಕೂಗು 2020ರಲ್ಲಿ ಎದ್ದರೂ ಅದನ್ನು ಅಲ್ಲಿಂದ ಕದಲಿಸಲಿಲ್ಲ.

ಒಂದು ಇಡೀ ದಿನವನ್ನು ಐರನ್‌ಬ್ರಿಜ್‌ಗೆ ಮೀಸಲಿಡಿ. ಅಲ್ಲಿ ರೈಲು ನಿಲ್ದಾಣವಿಲ್ಲ. ಟೆಲ್‌ಫರ್ಡ್‌ನಲ್ಲಿ ಇಳಿದು ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕು. ಕಬ್ಬಿಣ ಕರಗಿಸಲು ಮರದ ಇದ್ದಿಲನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ, 1709ರಲ್ಲಿ, ಅಬ್ರಹಾಂ ಡಾರ್ಬಿ ಎಂಬಾತ ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬಳಸಿ ಆ ಕೆಲಸ ಸಾಧಿಸಿದ್ದು ಈ ಕಣಿವೆಯಲ್ಲೇ. ಅವನ ಮೊಮ್ಮಗ 1779ರಲ್ಲಿ ಸೆವರ್ನ್ ನದಿಗೆ ಅಡ್ಡಲಾಗಿ ಕಟ್ಟಿಸಿದ, ಸುಮಾರು 30 ಮೀಟರ್ ಅಗಲದ ಎರಕದ ಕಬ್ಬಿಣದ ಕಮಾನು ಸೇತುವೆ ಇಂದಿಗೂ ಗಟ್ಟಿಯಾಗಿದೆ. ಅದರ ಕೆಳಗೆ ಇಳಿದು ಕಂಬಿಗಳು ಕೂಡುವ ಜಾಗಗಳನ್ನು ತಪ್ಪದೆ ನೋಡಿ: ಕಬ್ಬಿಣದ ಸೇತುವೆ ಕಟ್ಟಿದ ಅನುಭವ ಯಾರಿಗೂ ಇಲ್ಲದಿದ್ದುದರಿಂದ, ಒಂದರ ಕಂಡಿಯಲ್ಲಿ ಇನ್ನೊಂದರ ತುದಿ ತೂರಿಸಿ ಬೆಣೆ ಹೊಡೆಯುವ ಬಡಗಿಯ ಪದ್ಧತಿಯಲ್ಲೇ ಅದನ್ನು ಜೋಡಿಸಿದ್ದಾರೆ. ಸುಂಕದ ಮನೆಯ ಮೇಲಿನ ಹಳೆಯ ದರಪಟ್ಟಿಯೂ ಓದುವಂಥದ್ದು. ಸೈನಿಕರಿಗಾಗಲಿ ರಾಜಮನೆತನಕ್ಕಾಗಲಿ ವಿನಾಯಿತಿಯಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. (ನಮ್ಮ ಟೋಲ್ ಗೇಟುಗಳಲ್ಲಿ ವಿನಾಯಿತಿ ಪಡೆದವರ ಉದ್ದದ ಫಲಕ ಓದಿ ರೂಢಿಯಾದವರಿಗೆ ಇದು ಖುಷಿ ಕೊಡುತ್ತದೆ.)

ಎರಡನೆಯ ದಿನ ದಕ್ಷಿಣದ ರೈಲು ಹಿಡಿದರೆ ಚರ್ಚ್ ಸ್ಟ್ರೆಟನ್ ಮತ್ತು ಲಡ್ಲೋ ಒಂದೇ ಮಾರ್ಗದಲ್ಲಿ ಸಿಗುತ್ತವೆ. ಮೊದಲನೆಯದರಲ್ಲಿ ನಿಲ್ದಾಣದಿಂದಲೇ ಲಾಂಗ್ ಮಿಂಡ್ ಗುಡ್ಡದತ್ತ ನಡೆಯಬಹುದು; ಏರು ಬೇಡವೆನಿಸಿದರೆ ಕಾರ್ಡಿಂಗ್ ಮಿಲ್ ಕಣಿವೆಯ ತಳದ ಹಾದಿಯೇ ಸಾಕು. ಲಡ್ಲೋದಲ್ಲಿ ಕೋಟೆ ಮತ್ತು ಅದರ ಮುಂದಿನ ಸಂತೆಯನ್ನು ನೋಡಿಕೊಂಡು ಸಂಜೆಗೆ ಹಿಂತಿರುಗಬಹುದು.

ಮೂರನೆಯ ದಿನಕ್ಕೆ ನಾನು ಸೂಚಿಸುವ ಸ್ಥಳ ಶ್ರಾಪ್‌ಶೈರ್‌ನಲ್ಲಿಲ್ಲ, ಗಡಿಯಾಚೆ ವೇಲ್ಸ್‌ನಲ್ಲಿದೆ. ಆದರೂ ಕನ್ನಡಿಗರು ಅಷ್ಟು ಹತ್ತಿರ ಹೋಗಿ ಅದನ್ನು ಬಿಟ್ಟು ಬರುವುದು ಸರಿಯಲ್ಲ. ಶ್ರೂಸ್‌ಬರಿಯಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ವೆಲ್ಷ್‌ಪೂಲ್ ತಲುಪಬಹುದು. ಅಲ್ಲಿನ ಪೋವಿಸ್ ಕೋಟೆಯ ಸಂಗ್ರಹದಲ್ಲಿ ಟಿಪ್ಪು ಸುಲ್ತಾನನ ಹೂಬಳ್ಳಿ ಚಿತ್ತಾರದ ಹತ್ತಿಬಟ್ಟೆಯ ಡೇರೆಯೂ, ಅವನ ಸಿಂಹಾಸನವನ್ನು ಅಲಂಕರಿಸಿದ್ದ ಹುಲಿತಲೆಗಳಲ್ಲೊಂದೂ ಸೇರಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಮದರಾಸಿನ ಗವರ್ನರ್ ಆಗಿದ್ದ. ಅವನ ಕುಟುಂಬದ ಮೂಲಕವೇ ಅವು ಅಲ್ಲಿಗೆ ಸೇರಿದವು. ಪ್ರದರ್ಶನದ ವಸ್ತುಗಳು ಬದಲಾಗುವ ಸಾಧ್ಯತೆ ಇರುವುದರಿಂದ, ಹೊರಡುವ ಮೊದಲು ಕೋಟೆಯ ಜಾಲತಾಣವನ್ನು ನೋಡಿಕೊಳ್ಳಿ.

ಹಳ್ಳಿಗಾಡಿನ ಅನೇಕ ಬಸ್ಸುಗಳು ಭಾನುವಾರ ಓಡುವುದಿಲ್ಲ. ಆದ್ದರಿಂದ ಐರನ್‌ಬ್ರಿಜ್‌ನ ದಿನವನ್ನು ವಾರದ ನಡುವೆ ಇಟ್ಟುಕೊಳ್ಳಿ, ಮತ್ತು ಬೇಸಿಗೆಯಾದರೂ ಮಳೆಯಂಗಿ ಚೀಲದಲ್ಲಿರಲಿ.