ಹಳೇ ಕಾರಿಗೆ ಎಳೆತ ಬೇಕು, ಮೈಲೇಜೂ ಬೇಕು: ಓದುಗರ ಪ್ರಶ್ನೆಗೆ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ನಮ್ಮದು 2010ರ ಸ್ಯಾಂಟ್ರೋ ಝಿಂಗ್, ಪೆಟ್ರೋಲ್ ಗಾಡಿ. ನೆಂಟರು ಬಂದಾಗ ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋದರೆ ಸೆಕೆಂಡ್ ಗೇರಿನಲ್ಲೂ ಎಳೆಯೋದಿಲ್ಲ. ಮೊದಲು 15 ಕೊಡುತ್ತಿದ್ದ ಮೈಲೇಜು ಈಗ 12ಕ್ಕೆ ಇಳಿದಿದೆ. ಮಗನ ಆಸೆಗೆ 14 ಇಂಚಿನ ಅಲಾಯ್ ವೀಲ್ ಹಾಕಿಸಿದ್ದೇವೆ, ಟೈರ್ 165/65. ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸಲು ಮೇಲೆ ಕ್ಯಾರಿಯರ್ ಇದೆ. ಬೆಂಗಳೂರಿನಲ್ಲಿ ಒಬ್ಬರು ಕೋನ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್, ಚಿಪ್ ಮೂರೂ ಸೇರಿ 35 ಸಾವಿರಕ್ಕೆ ಮಾಡಿಕೊಡ್ತೀನಿ ಅಂತಾರೆ. ಪಿಕಪ್ ಜಾಸ್ತಿ ಆಗಬೇಕು, ಮೈಲೇಜು ಕಮ್ಮಿ ಆಗಬಾರದು. ಹಾಕಿಸಲಾ ಅಣ್ಣಾ?
— ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಬೇಡ. ಆ 35 ಸಾವಿರ ಜೇಬಿನಲ್ಲೇ ಇರಲಿ. ನಿಮಗೆ ಬೇಕಾದ ಪಿಕಪ್ ನಿಮ್ಮ ಕಾರಿನಲ್ಲೇ ಇತ್ತು, ವರ್ಷಗಳಲ್ಲಿ ಅಲ್ಲಿ ಇಲ್ಲಿ ಸೋರಿ ಹೋಗಿದೆ. ಅದು ಸೋರಿದ ಜಾಗದಲ್ಲೇ ಮೈಲೇಜೂ ಸೋರಿದೆ. ಹಳೇ ಕಾರಿನ ವಿಷಯದಲ್ಲಿ ಇದೊಂದು ಅನುಕೂಲ. ಹೊಸ ಗಾಡಿಗೆ ಶಕ್ತಿ ಏರಿಸಲು ಹೋದರೆ ಪೆಟ್ರೋಲ್ ಜಾಸ್ತಿ ಸುಡಲೇಬೇಕು. ಹಳೇ ಗಾಡಿಗೆ ಕಳೆದುಹೋದದ್ದನ್ನು ವಾಪಸ್ ಕೊಟ್ಟರೆ ಎರಡೂ ಒಟ್ಟಿಗೇ ಬರುತ್ತವೆ.

ಮೊದಲು ಒಂದು ಮಾತು. ನಿಮ್ಮ 1,086 ಸಿಸಿ ಎಂಜಿನ್ನಿಗೆ ಕಂಪನಿ ಹೇಳಿದ್ದು ಸುಮಾರು 62 ಬಿಎಚ್‌ಪಿ. ಅದು ಸಮುದ್ರ ಮಟ್ಟದ ಲೆಕ್ಕ. ಮೇಲಕ್ಕೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. ಟರ್ಬೋ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು) ಇಲ್ಲದ ಎಂಜಿನ್ 1,000 ಮೀಟರ್‌ಗೆ ಹತ್ತಿರ ಹತ್ತಿರ 10 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಚಿಕ್ಕಬಳ್ಳಾಪುರ 900 ಮೀಟರ್ ಆಸುಪಾಸಿನಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಅಂದರೆ ಮನೆ ಮುಂದೆ ಸ್ಟಾರ್ಟ್ ಮಾಡುವಾಗಲೇ ಐದಾರು ಬಿಎಚ್‌ಪಿ ಇಲ್ಲ, ಬೆಟ್ಟದ ಮೇಲೆ ಎಂಟೊಂಬತ್ತು ಇಲ್ಲ. ನಾಲ್ಕೈದು ಜನ ಕೂತು ಎಸಿ ಹಾಕಿದರೆ ಯಾವ 1.1 ಲೀಟರ್ ಕಾರಾದರೂ ಅಲ್ಲಿ ಸ್ವಲ್ಪ ಒದ್ದಾಡಿಯೇ ಒದ್ದಾಡುತ್ತದೆ. ಅದು ರೋಗ ಅಲ್ಲ. ಆದರೆ ಸೆಕೆಂಡ್ ಗೇರಿನಲ್ಲೂ ಎಳೆಯೋದಿಲ್ಲ ಅಂತೀರಲ್ಲ, ಅದು ರೋಗ.

ಈಗ ನಿಮ್ಮ ವೀಲಿಗೆ ಬರೋಣ. ಈ ಗಾಡಿಗೆ ಕಂಪನಿ ಕೊಟ್ಟ ಟೈರ್ 155/70 ಆರ್13. ಅಂದರೆ ಅಗಲ 155 ಮಿ.ಮೀ., ಟೈರಿನ ಗೋಡೆ ಆ ಅಗಲದ 70 ಪರ್ಸೆಂಟ್, ರಿಮ್ 13 ಇಂಚು. ಅದರ ಎತ್ತರ ಲೆಕ್ಕ ಹಾಕಿದರೆ ಸುಮಾರು 547 ಮಿ.ಮೀ. ನೀವು ಹಾಕಿಸಿರುವ 165/65 ಆರ್14 ಸುಮಾರು 570 ಮಿ.ಮೀ. 4 ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ದೊಡ್ಡದು. ಇದರಿಂದ ಏನಾಯಿತು? ಎಲ್ಲಾ ಗೇರೂ ಅಷ್ಟರಮಟ್ಟಿಗೆ ಭಾರವಾದವು. ದೊಡ್ಡ ಚಕ್ರವನ್ನು ಅದೇ ಎಂಜಿನ್ ತಿರುಗಿಸಬೇಕು, ಮೇಲೆ ವೀಲಿನ ತೂಕವೂ ಏರಿರಬಹುದು. ಏರಿನಲ್ಲಿ ಇದು ಕಾಲಿಗೇ ಗೊತ್ತಾಗುತ್ತದೆ.

ಇನ್ನೂ ಒಂದು ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಮೀಟರ್ ಲೆಕ್ಕ ಹಾಕುವುದು ಚಕ್ರ ಎಷ್ಟು ಸುತ್ತು ಸುತ್ತಿತು ಅಂತ. ದೊಡ್ಡ ಚಕ್ರ ಕಡಿಮೆ ಸುತ್ತು ಸುತ್ತಿ ಅದೇ ದೂರ ಹೋಗುತ್ತದೆ. ನೀವು 104 ಕಿ.ಮೀ. ಹೋದರೆ ನಿಮ್ಮ ಮೀಟರ್ 100 ಅಂತ ತೋರಿಸುತ್ತದೆ. ಹಾಗಾಗಿ ನಿಮ್ಮ 12ರ ಮೈಲೇಜು ನಿಜವಾಗಿ ಹನ್ನೆರಡೂವರೆ. ಸ್ಪೀಡೋಮೀಟರ್ ಕೂಡ ಅಷ್ಟೇ ಕಮ್ಮಿ ತೋರಿಸುತ್ತದೆ, ಹೈವೇಯಲ್ಲಿ ನೆನಪಿರಲಿ. ಮಗನಿಗೆ ಬೇಜಾರಾಗಬಹುದು, ಆದರೆ ಟೈರ್ ಸವೆದ ಮೇಲೆ ಹಳೇ 13 ಇಂಚಿಗೇ ವಾಪಸ್ ಬನ್ನಿ. ಸ್ವಲ್ಪ ಅಗಲ ಬೇಕೇ ಬೇಕು ಅಂದರೆ 165/65 ಆರ್13 ಹಾಕಿಸಿ. ಅದು ಎತ್ತರದಲ್ಲಿ ಕಂಪನಿ ಟೈರಿಗೆ ಹೆಚ್ಚುಕಮ್ಮಿ ಸಮ.

ಆಮೇಲೆ, ನಿಮ್ಮ ಕಾರನ್ನು ನೋಡದೆಯೂ ನನಗೆ ಬಲವಾದ ಅನುಮಾನ ಇರುವ ಜಾಗ ಒಂದಿದೆ: ಥರ್ಮೋಸ್ಟಾಟ್. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳೇ ಕಾರುಗಳಲ್ಲಿ ಇದು ಇದ್ದರೆ ಪುಣ್ಯ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನವಾಗಿ ಓದಿ.

ನಮ್ಮ ಕಡೆ ನೀರು ಅಂದರೆ ಬೋರ್‌ವೆಲ್ ನೀರು. ಗಡಸು ನೀರು. ಅದನ್ನೇ ರೇಡಿಯೇಟರಿಗೆ ಸುರಿಯುತ್ತಾ ಬರುತ್ತಾರೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಒಂದು ಬೇಸಿಗೆಯಲ್ಲಿ ಎಂಜಿನ್ ಬಿಸಿ ಏರುತ್ತದೆ. ರಸ್ತೆ ಬದಿಯಲ್ಲಿ ನಿಲ್ಲಿಸಿದಾಗ ಯಾರೋ ಒಬ್ಬರು ಬಂದು ಥರ್ಮೋಸ್ಟಾಟ್ ಕಿತ್ತು ಬಿಸಾಕುತ್ತಾರೆ. ಗಾಡಿ ತಣ್ಣಗಾಗುತ್ತದೆ. ಓನರಿಗೆ ಖುಷಿ. ಅಲ್ಲಿಂದ ಮೈಲೇಜು ಇಳಿಯಲು ಶುರು.

ಥರ್ಮೋಸ್ಟಾಟ್ ಅಂದರೆ ಒಳಗೆ ಮೇಣ ತುಂಬಿದ ಸಣ್ಣ ಬಾಗಿಲು. ಎಂಜಿನ್ ನೀರು 80 ಡಿಗ್ರಿ ದಾಟುವವರೆಗೆ ಅದು ಮುಚ್ಚಿಕೊಂಡು, ನೀರನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನನ್ನು ಬೇಗ ಬಿಸಿ ಮಾಡುತ್ತದೆ. ಅದನ್ನು ಕಿತ್ತರೆ ಎಂಜಿನ್ ಯಾವಾಗಲೂ ಅರೆ ತಣ್ಣಗೆ ಇರುತ್ತದೆ. ನಿಮ್ಮದು ಇಂಜೆಕ್ಷನ್ ಗಾಡಿ. ಅದರ ಕಂಪ್ಯೂಟರ್ ನೀರಿನ ಸೆನ್ಸರ್ ನೋಡಿ, 'ಎಂಜಿನ್ ಇನ್ನೂ ತಣ್ಣಗಿದೆ' ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಹಳೇ ಕಾಲದ ಕಾರಿನಲ್ಲಿ ಚೋಕ್ ಎಳೆದುಕೊಂಡೇ ಓಡಿಸಿದ ಹಾಗೆ. ಪ್ಲಗ್ ಕಪ್ಪಾಗುತ್ತದೆ, ಆಯಿಲ್ ಗಟ್ಟಿಯಾಗೇ ಇದ್ದು ತಿರುಗಲು ಭಾರ, ಸುಡದೆ ಉಳಿದ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ.

ನಿಮ್ಮ ತಾಲ್ಲೂಕಿನದೇ ಒಂದು ಗಾಡಿ ಈಚೆಗೆ ನಮ್ಮ ಗ್ಯಾರೇಜಿಗೆ ಬಂದಿತ್ತು. ಥರ್ಮೋಸ್ಟಾಟ್ ಕೂರುವ ಬಟ್ಟಲಿನ ಎರಡು ಬೋಲ್ಟ್ ಬಿಚ್ಚಿದೆ. ಒಳಗೆ ಏನೂ ಇಲ್ಲ. ಪ್ಯಾಕಿಂಗ್ ಜಾಗದಲ್ಲಿ ಸಿಲಿಕಾನ್ ಬಳಿದಿದ್ದರು. ಹೋಸಿನ ಒಳಗೋಡೆಗೆ ಬೂದು ಬಣ್ಣದ ಹೊಪ್ಪಳೆ ಅಂಟಿತ್ತು, ಸ್ಕ್ರೂಡ್ರೈವರಿನಿಂದ ಕೆರೆದರೆ ಮೊಟ್ಟೆ ಚಿಪ್ಪಿನಷ್ಟು ದಪ್ಪಕ್ಕೆ ಎದ್ದು ಬಂತು. ಕೆಳಗಿನಿಂದ ಹರಿದ ನೀರು ತುಕ್ಕಿನ ಕೆಂಪು. ಕೂಲಂಟ್ ಅನ್ನುವುದರ ವಾಸನೆಯೂ ಇರಲಿಲ್ಲ. ಇಂಥ ಗಾಡಿಗೆ ಚಿಪ್ ಹಾಕಿ ಏನು ಪ್ರಯೋಜನ ಹೇಳಿ.

ನೀವೇ ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಗಾಡಿ ತೆಗೆದು ಹೈವೇಯಲ್ಲಿ ಹತ್ತು ಹದಿನೈದು ನಿಮಿಷ ಒಂದೇ ಸಮನೆ ಓಡಿಸಿ. ಟೆಂಪರೇಚರ್ ಮುಳ್ಳು ಅಷ್ಟರಲ್ಲಿ ಮಧ್ಯದ ಹತ್ತಿರ ಬಂದು ನಿಲ್ಲಬೇಕು. ಇನ್ನೂ ತಳದಲ್ಲೇ ಇದೆ, ಅಥವಾ ಇಳಿಜಾರಿನಲ್ಲಿ ಮತ್ತೆ ಕೆಳಗೆ ಬೀಳುತ್ತದೆ ಅಂದರೆ ಥರ್ಮೋಸ್ಟಾಟ್ ಇಲ್ಲ ಅಥವಾ ತೆರೆದುಕೊಂಡೇ ಸಿಕ್ಕಿಕೊಂಡಿದೆ. ಸ್ಕ್ಯಾನರ್ ಇರುವ ಕಡೆ ಹೋದರೆ ಡಿಗ್ರಿ ಲೆಕ್ಕದಲ್ಲೇ ತೋರಿಸುತ್ತಾರೆ, 80ರಿಂದ 95ರ ಒಳಗೆ ಇರಬೇಕು. ಹೊಸ ಥರ್ಮೋಸ್ಟಾಟಿಗೆ ಕೆಲವು ನೂರು ರೂಪಾಯಿ ಅಷ್ಟೇ. ಆದರೆ ಅದೊಂದನ್ನೇ ಹಾಕಿಸಬೇಡಿ. ಮೊದಲು ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಿ, ಫ್ಯಾನ್ ಸರಿಯಾಗಿ ಬರುತ್ತದಾ ನೋಡಿಸಿ, ಆಮೇಲೆ ಥರ್ಮೋಸ್ಟಾಟ್. ಕ್ಲೀನ್ ಮಾಡಿದ ಮೇಲೆ ಕೆಲವು ಹಳೇ ರೇಡಿಯೇಟರ್ ಸೋರಲು ಶುರುವಾಗುತ್ತದೆ, ಯಾಕೆಂದರೆ ಆ ಉಪ್ಪಿನ ಪದರವೇ ತೂತು ಮುಚ್ಚಿರುತ್ತದೆ. ಅದಕ್ಕೂ ಸಿದ್ಧರಾಗಿರಿ. ಕೊನೆಗೆ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್ ನೀರು ಇನ್ನು ಮೇಲೆ ಒಂದು ಲೋಟವೂ ಬೇಡ. ಬಿಸಿ ಇರುವಾಗ ಮುಚ್ಚಳ ತೆರೆಯಲೇಬೇಡಿ, ಮುಖ ಬೆಂದವರನ್ನು ನಾನು ನೋಡಿದ್ದೇನೆ.

ಅದೇ ದಿನ ಇಷ್ಟನ್ನೂ ನೋಡಿಸಿಬಿಡಿ. ಜಾಕ್ ಹಾಕಿ ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ. ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಕೊಂಡು ಬ್ರೇಕ್ ಹಿಡಿದೇ ಇರುವುದು ಹಳೇ ಗಾಡಿಯಲ್ಲಿ ಮಾಮೂಲು. ಫೋರ್ತ್ ಗೇರಿನಲ್ಲಿ 50ರ ವೇಗದಲ್ಲಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಸದ್ದು ಮಾತ್ರ ಏರಿ ಗಾಡಿ ಓಡದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಪ್ಲಗ್ ನಾಲ್ಕೂ ಬದಲಾಯಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಹಲ್ಲಿನ ಪಟ್ಟಿ) ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲದಿದ್ದರೆ ಅದನ್ನೂ ಹಾಕಿಸಿ, ಮಾರ್ಕ್ ಸರಿಯಾಗಿ ಕೂಡಿದೆಯಾ ಅಂತ ಎದುರು ನಿಂತು ನೋಡಿ. ಒಂದು ಹಲ್ಲು ಆಚೀಚೆ ಆದರೂ ಎಳೆತ ಹೋಗುತ್ತದೆ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಒಂದೊಂದು ಸಿಲಿಂಡರಿನಲ್ಲೂ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಬಂದರೆ ಎಂಜಿನ್ ಚೆನ್ನಾಗಿದೆ, ಒಂದು ಮಾತ್ರ ತೀರಾ ಕಮ್ಮಿ ಬಂದರೆ ಬೇರೆ ಯಾವ ಖರ್ಚೂ ಮಾಡುವ ಮುಂಚೆ ಅದನ್ನು ಸರಿಪಡಿಸಬೇಕು. ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ ಪೆಟ್ರೋಲ್ ಕುಡಿಯುತ್ತದೆ, ಸ್ಕ್ಯಾನ್ ಮಾಡುವಾಗ ಅದನ್ನೂ ಕೇಳಿ.

ಏರ್ ಫಿಲ್ಟರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿದ್ದರು. ಇಂಜೆಕ್ಷನ್ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಪಿಕಪ್ ಇಳಿಯಿತು. ಗಾಳಿ ಕಮ್ಮಿಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಮ್ಮಿ ಮಾಡುತ್ತದೆ, ಅದಕ್ಕೆ. ನಮ್ಮ ಕ್ರಷರ್ ಧೂಳಿನ ರಸ್ತೆಗಳಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ಕಂಪನಿಯ ಕಾಗದದ ಫಿಲ್ಟರನ್ನೇ ಹೊಸದು ಹಾಕಿ. ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಮ್ಮಿ. ಸದ್ದು ಚೆನ್ನಾಗಿರುತ್ತದೆ, ಎಳೆತ ಬರುವುದಿಲ್ಲ.

ಚಿಪ್ ವಿಷಯ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸುವುದು): ಟರ್ಬೋ ಡೀಸೆಲ್ ಗಾಡಿಗೆ ಅದರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ, ನಿಜ. ಟರ್ಬೋ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಕಾಲಿಗೆ ತಿಳಿಯುವಷ್ಟು ಏನೂ ಸಿಗುವುದಿಲ್ಲ. ಫ್ರೀ ಫ್ಲೋ ಸೈಲೆನ್ಸರ್ ಅಂತೂ ಬೇಡವೇ ಬೇಡ. ಕೆಲವರು ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕತ್ತರಿಸಿ ಹಾಕುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ ಓನರಿಗೆ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ ಗಾಡಿಗೆ 15 ವರ್ಷ ಆಗಿದೆ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಆರ್‌ಟಿಓ ಮುಂದೆ ನಿಲ್ಲಿಸಬೇಕು. ಅಲ್ಲಿ ಯಾಕೆ ತಲೆನೋವು ತಂದುಕೊಳ್ಳುತ್ತೀರಿ?

ಕ್ಯಾರಿಯರನ್ನು ಗೂಡು ಸಾಗಿಸುವ ದಿನ ಮಾತ್ರ ಕಟ್ಟಿ, ಮಿಕ್ಕ ದಿನ ಬಿಚ್ಚಿಡಿ. ಗೂಡಿಗೆ ತೂಕ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಹೈವೇ ವೇಗದಲ್ಲಿ ಗಾಳಿಗೆ ಅಡ್ಡ ನಿಲ್ಲುವುದೇ ದೊಡ್ಡ ಹೊರೆ. ಖಾಲಿ ಕ್ಯಾರಿಯರೂ ಗಾಳಿಯನ್ನು ತಡೆಯುತ್ತದೆ. ಡಿಕ್ಕಿಯಲ್ಲಿ ಸುಮ್ನೆ ಬಿದ್ದಿರುವ ಸಾಮಾನು ಇಳಿಸಿ. ಟೈರಿಗೆ ಗಾಳಿ ಹದಿನೈದು ದಿನಕ್ಕೊಮ್ಮೆ ಚೆಕ್ ಮಾಡಿಸಿ.

ಬೆಟ್ಟ ಹತ್ತುವಾಗ ಎಂಜಿನ್ ಗುಡುಗುಟ್ಟುವ ಮುಂಚೆಯೇ ಗೇರ್ ಇಳಿಸಿ. ಥರ್ಡ್‌ನಲ್ಲಿ ಪೂರ್ತಿ ಒತ್ತಿ ಅದುಮುವುದಕ್ಕಿಂತ ಸೆಕೆಂಡ್‌ನಲ್ಲಿ ಅರ್ಧ ಒತ್ತಿ ಹತ್ತಿಸುವುದು ಎಂಜಿನ್ನಿಗೂ ಹಿತ, ಪೆಟ್ರೋಲಿಗೂ ನಷ್ಟವಿಲ್ಲ. ಕಡಿದಾದ ತಿರುವುಗಳಲ್ಲಿ ಎಸಿ ಆಫ್ ಮಾಡಿ, ಅಲ್ಲಿ ಹೇಗೂ ತಣ್ಣನೆ ಗಾಳಿ ಬರುತ್ತದಲ್ವಾ.

ಪ್ರಶ್ನೆ: 2007ರ ಆಲ್ಟೋ. ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜು ಬಿದ್ದಿದೆ, ಎಳೆತವೂ ಕಮ್ಮಿ ಅನ್ನಿಸುತ್ತದೆ. ಟ್ಯೂನಿಂಗ್ ಮಾಡಿಸಿದರೆ ಸರಿ ಹೋಗುತ್ತದಾ?
— ಓದುಗರು, ಗೌರಿಬಿದನೂರು

ಉತ್ತರ: ಪೂರ್ತಿ ಸರಿ ಹೋಗುವುದಿಲ್ಲ. ಇ20 ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಹಳೇ ಕಾರುಗಳಲ್ಲಿ ಇ20ಯಿಂದ ಮೈಲೇಜು 6ರಿಂದ 7 ಪರ್ಸೆಂಟ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಗಾಡಿಯಲ್ಲೇ ಏನೋ ಇದೆ, ಮೇಲಿನ ಉತ್ತರ ನಿಮಗೂ ಸಲ್ಲುತ್ತದೆ.

ನನಗೆ ನಿಮ್ಮ ಮೈಲೇಜಿಗಿಂತ ಪೆಟ್ರೋಲ್ ಪೈಪಿನ ಚಿಂತೆ. ಅಷ್ಟು ಹಳೇ ರಬ್ಬರ್ ಹೋಸುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ, ಇಲ್ಲವೇ ಬಿರುಕು ಬಿಡಿಸುತ್ತದೆ. ಬಾನೆಟ್ ಎತ್ತಿ, ತಣ್ಣಗಿರುವಾಗ ಹೋಸನ್ನು ಬಗ್ಗಿಸಿ ನೋಡಿ. ಗೆರೆ ಗೆರೆ ಬಿರುಕು ಕಂಡರೆ, ಅಂಟು ಅಂಟಾಗಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಬದಲಾಯಿಸಿ. ಎಥನಾಲ್‌ಗೆ ತಡೆಯುವ ಹೋಸೇ ಬೇಕು ಅಂತ ಕೇಳಿ ತೆಗೆದುಕೊಳ್ಳಿ. ಎಂಜಿನ್ ಬಿಸಿಗೆ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತಿಕೊಳ್ಳುತ್ತದೆ, ಇದನ್ನು ಮುಂದೂಡಬೇಡಿ. ಟ್ಯಾಂಕಿನ ತಳದ ಹಳೇ ಕೊಳೆಯನ್ನೂ ಎಥನಾಲ್ ಕರಗಿಸಿ ತರುತ್ತದೆ, ಹಾಗಾಗಿ ಫ್ಯೂಯಲ್ ಫಿಲ್ಟರನ್ನೂ ಒಮ್ಮೆ ಬದಲಾಯಿಸಿ. ನಿಮಗೆ ಅನ್ನಿಸಿದ ಎಳೆತದ ಕೊರತೆಗೆ ಆ ಫಿಲ್ಟರೇ ಕಾರಣ ಇರಬಹುದು. ಗಾಡಿ ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ.

ಪ್ರಶ್ನೆ: ಹಳೇ ವ್ಯಾಗನ್ ಆರ್‌ಗೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಪಿಕಪ್ ಬರುತ್ತದಾ?
— ಓದುಗರು, ಬಾಗೇಪಲ್ಲಿ

ಉತ್ತರ: ಬರುವುದಿಲ್ಲ. ಆಕ್ಟೇನ್ (ಒತ್ತಡಕ್ಕೆ ತಾನಾಗೇ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ) ಜಾಸ್ತಿ ಇರುವ ಪೆಟ್ರೋಲ್ ಬೇಕಾಗುವುದು ಕಂಪ್ರೆಷನ್ ಜಾಸ್ತಿ ಇರುವ ಎಂಜಿನ್ನಿಗೆ. ನಿಮ್ಮದಕ್ಕೆ ಮಾಮೂಲಿ ಪೆಟ್ರೋಲೇ ಸಾಕು. ಏರಿನಲ್ಲಿ ಟಕಟಕ ಅಂತ ಸದ್ದು ಬರುತ್ತಿದ್ದರೆ ಮಾತ್ರ ಬರೆಯಿರಿ, ಯಾವ ಗೇರಿನಲ್ಲಿ, ಎಷ್ಟು ಸ್ಪೀಡಿನಲ್ಲಿ ಬರುತ್ತದೆ ಅನ್ನುವುದನ್ನೂ ಸೇರಿಸಿ.